ಶಿವಪುರದ ಸ್ಮೃತಿಗಳು: ಸಾಕ್ಷ್ಯವಿಮರ್ಶೆಯ ಒಂದು ಪ್ರಶ್ನೆ

ಮದ್ದೂರಿನ ಸಮೀಪದ ಶಿವಪುರದಲ್ಲಿ 1938ರ ಏಪ್ರಿಲ್ ತಿಂಗಳಿನಲ್ಲಿ ನಡೆದ ಧ್ವಜ ಸತ್ಯಾಗ್ರಹವನ್ನು ಕುರಿತು ಬರೆಯುವವರಿಗೆ ಎರಡು ಬಗೆಯ ಆಧಾರಗಳುಂಟು: ಆ ದಿನಗಳ ಪತ್ರಿಕೆಗಳು ಮತ್ತು ಸರ್ಕಾರದ ಕಡತಗಳು ಒಂದು, ಭಾಗವಹಿಸಿದವರು ದಶಕಗಳ ತರುವಾಯ ಹೇಳಿದ ನೆನಪುಗಳು ಇನ್ನೊಂದು. ಸೂರ್ಯನಾಥ ಕಾಮತರು ಸಂಪಾದಿಸಿದ ‘ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು’ ಈ ಎರಡನೆಯ ಬಗೆಯ ಆಧಾರವನ್ನು ಅಳಿಯದಂತೆ ಉಳಿಸಿದ ಮಾನ್ಯ ಪ್ರಯತ್ನ. ನಮ್ಮ ಆಕ್ಷೇಪ ಅಂಥ ಸಂಗ್ರಹಗಳ ಬಗ್ಗೆ ಅಲ್ಲ, ಅವುಗಳನ್ನು ಬಳಸುವ ರೀತಿಯ ಬಗ್ಗೆ. ನೆನಪೆಂಬುದು ಹಗೇವಿನಲ್ಲಿಟ್ಟ ರಾಗಿಯಂತೆ, ಎಷ್ಟು ವರ್ಷದ ಮೇಲೆ ತೆಗೆದರೂ ಅದೇ ಕಾಳು ಎಂದು ಚರಿತ್ರಕಾರರು ಭಾವಿಸಿದಂತಿದೆ.

ಮನಶ್ಶಾಸ್ತ್ರವು ಹಾಗೆನ್ನುವುದಿಲ್ಲ. ಸ್ಥಿರಗೊಂಡ ಭಯದ ನೆನಪು ಸಹ ಮತ್ತೆ ಜಾಗೃತವಾದಾಗ ಕೆಲಹೊತ್ತು ಸಡಿಲವಾಗಿ, ಪುನಃ ನೆಲೆಗೊಳ್ಳಬೇಕಾಗುತ್ತದೆಂದು ನೇಡರ್, ಶಾಫ್, ಲೆಡೂ ಅವರು 2000ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ನಮಗೆ ಹೆಚ್ಚು ಪ್ರಸ್ತುತವಾದುದು 2007ರಲ್ಲಿ ಹುಪ್‌ಬಾಕ್ ಮತ್ತು ಸಂಗಡಿಗರು ಪ್ರಕಟಿಸಿದ, ಮನುಷ್ಯರನ್ನು ಕುರಿತ ಪ್ರಯೋಗ. ಕೆಲವು ವಸ್ತುಗಳನ್ನು ಕಲಿಸಿ, ಎರಡು ದಿನ ಬಿಟ್ಟು ಬೇರೆ ವಸ್ತುಗಳನ್ನು ಕಲಿಸಲಾಯಿತು. ಎರಡನೆಯ ಪಾಠಕ್ಕೆ ಮುನ್ನ ಮೊದಲನೆಯದನ್ನು ಯಾರಿಗೆ ನೆನಪಿಸಲಾಗಿತ್ತೋ ಅವರು, ಮುಂದೆ ಮೊದಲ ಪಟ್ಟಿಯನ್ನು ಹೇಳುವಾಗ ಎರಡನೆಯದರ ವಸ್ತುಗಳನ್ನೂ ಅದರೊಳಗೆ ಸೇರಿಸಿದರು. ನೆನಪಿಸದೆ ಬಿಟ್ಟವರಲ್ಲಿ ಈ ಬೆರಕೆ ತೀರ ಕಡಮೆ.

ಈ ದೃಷ್ಟಿಯಿಂದ ಶಿವಪುರವನ್ನು ನೋಡಬೇಕು. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ನಿಷೇಧಾಜ್ಞೆಯನ್ನು ಮೀರಿ ಧ್ವಜವೆತ್ತಲು ಹೊರಟಾಗ, ಮುಂದೇನಾಗುವುದೆಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಅದೇ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲೀಬಾರಾಯಿತು, ಮೇ ತಿಂಗಳಿನ ಮಿರ್ಜಾ–ಪಟೇಲ್ ಒಪ್ಪಂದದಿಂದ ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜಕ್ಕೂ ಎಡೆ ದೊರೆಯಿತು, 1947 ಬಂದಿತು. ಇವುಗಳಲ್ಲಿ ಒಂದೊಂದು ಘಟಿಸಿದ ಮೇಲೂ ಶಿವಪುರವನ್ನು ನೆನೆದವರ ನೆನಪಿನೊಳಕ್ಕೆ ಆಯಾ ಘಟನೆ ಹೊಕ್ಕಿರಬಹುದು. ಗೆಲುವಿನ ನಂಬಿಕೆ ಅಂದೇ ಇತ್ತೆಂಬ ಹೇಳಿಕೆ ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಅದು 1938ರ ಮನಸ್ಸಿಗೆ ಸಾಕ್ಷಿಯೋ, ಹೇಳಿಕೆ ಕೊಟ್ಟ ವರ್ಷದ ಮನಸ್ಸಿಗೋ? ಹೀಗೆ ತಿದ್ದುಪಡಿಗೊಂಡ ನೆನಪಿನಲ್ಲಿ ಮೊದಲು ಮಾಯವಾಗುವುದು ಭಯ. ಭಯವನ್ನು ತೆಗೆದರೆ, ಹೊಲ ಬಿಟ್ಟು ಬಂದು ನಿಂತ ರೈತನ ಧೈರ್ಯವನ್ನು ಅಳೆಯುವ ಅಳತೆಯೇ ಕೈತಪ್ಪುತ್ತದೆ.

ಪ್ರಯೋಗಶಾಲೆಯ ಎರಡು ದಿನಗಳನ್ನು ನಲವತ್ತು ವರ್ಷಗಳಿಗೆ ಹಿಗ್ಗಿಸುವುದು ಸಾಹಸವೇ ಸರಿ. ಅಲ್ಲದೆ, ಹೊಸತೇನೂ ಎದುರಾಗದಿದ್ದರೆ ನೆನೆದ ಮಾತ್ರಕ್ಕೆ ನೆನಪು ಸಡಿಲವಾಗದೆಂದು ತೋರಿಸುವ ಪ್ರಯೋಗಗಳೂ ಇವೆ. ವರ್ಷವರ್ಷವೂ ಸಭೆಯಲ್ಲಿ ಒಂದೇ ಬಗೆಯಾಗಿ ಒಪ್ಪಿಸಿದ ಕಥೆಗಿಂತ, ಸಂದರ್ಶಕನ ಹೊಸ ಪ್ರಶ್ನೆಗೆ ಕೊಟ್ಟ ಉತ್ತರವೇ ಹೆಚ್ಚು ಎಚ್ಚರವನ್ನು ಬೇಡೀತು. ವಿದುರಾಶ್ವತ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು, ಶಿವಪುರದಲ್ಲಿಯೂ ಪೊಲೀಸರು ಬಂದೂಕು ಎತ್ತಿದ್ದರೇ ಎಂದು ಕೇಳುವವನು ಕೇವಲ ಕೇಳುಗನಲ್ಲ.

ಆದ್ದರಿಂದ ಪ್ರಶ್ನೆಯನ್ನು ಬಿಟ್ಟು ಉತ್ತರವನ್ನಷ್ಟೇ ಅಚ್ಚುಮಾಡುವ ರೂಢಿಯನ್ನು ವಿಶ್ವವಿದ್ಯಾನಿಲಯದ ಪ್ರಕಟಣೆಗಳಾದರೂ ಕೈಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಒಬ್ಬರೇ ಎರಡು ಕಾಲಗಳಲ್ಲಿ ಹೇಳಿದ ನೆನಪುಗಳು ದೊರೆತಲ್ಲಿ, ಹೊಂದಿಸಿ ಒಂದು ಮಾಡದೆ, ಹೇಳಿದ ವರ್ಷವನ್ನು ಕಾಣಿಸಿ ಎರಡನ್ನೂ ಕೊಡತಕ್ಕದ್ದು.