ಸೊಟ್ಟ ಡಬ್ಬಗಳ ಪರವಾಗಿ

ಡ್ರಾಬಾಕ್ಸ್ ಎಂಬ ಉಚಿತ ಚಿತ್ರಪಾಠದಲ್ಲಿ ಕಲಿಯುವವರು 250 ಡಬ್ಬ ಬರೆಯಬೇಕು. ಕೇಳಿದರೆ ಶಿಕ್ಷೆ ಎನಿಸೀತು. ನನಗಂತೂ ಆ ಹಾಳೆಗಳನ್ನು ನೋಡುವುದೇ ಖುಷಿ. ರಬ್ಬರಿನ ಮಾತಿಲ್ಲ, ಪೆನ್ನಿನಲ್ಲೇ ಕೆಲಸ. ಒಂದು ಬಿಂದುವಿನಿಂದ ಮೂರು ಗೆರೆ ಹೊರಡುತ್ತವೆ. ಒಂದೊಂದಕ್ಕೂ ಇನ್ನು ಮೂರು ಜೊತೆಯಾಗಿ, ದೂರ ಹೋದಂತೆ ಒಂದೇ ಕಡೆ ಕೂಡುವತ್ತ ವಾಲಬೇಕು. ಎಡವಟ್ಟೆಲ್ಲ ಬಂದು ಬೀಳುವುದು ಹಿಂಬದಿಯ ಮೂಲೆಗೆ: ಅಲ್ಲಿ ಮೂರು ಗೆರೆ ಸೇರಬೇಕು, ಸೇರುವುದೇ ಇಲ್ಲ! ಆಮೇಲೆ ಬೇರೆ ಬಣ್ಣದಲ್ಲಿ ಗೆರೆಗಳನ್ನು ಹಿಂದಕ್ಕೆ ಬೆಳೆಸಿದರೆ ದಾರಿ ತಪ್ಪಿದ್ದು ಯಾವುದೆಂದು ಕಣ್ಣಿಗೇ ಕಾಣುತ್ತದೆ, ಮೇಷ್ಟ್ರು ಹೇಳಬೇಕಿಲ್ಲ. ಗೆರೆಗಳು ದೂರದಲ್ಲಿ ಕೂಡುವ ಬಗ್ಗೆ ಇಟಲಿಯ ಆಲ್ಬರ್ಟಿ 1435ರಲ್ಲಿ ಬರೆದಿಟ್ಟ ಲೆಕ್ಕಾಚಾರ ಹೀಗೆ ಮೆಲ್ಲಗೆ ಕೈಗಿಳಿಯುತ್ತದೆ. ಹೊಸಬರೇ, ಸೊಟ್ಟ ಡಬ್ಬವನ್ನು ಹರಿದೆಸೆಯಬೇಡಿ. ತಾರೀಕು ಹಾಕಿ, ಮುಂದಿನದಕ್ಕೆ ಹೋಗಿ.