ಬಾಟಲಿಯ ಮೇಲಿನ ಭಕ್ತಿ

ಅರಿವಳಿಕೆಯಲ್ಲಿರುವ ನಾಯಿಯ ಬಿಪಿ ಇಳಿಯಿತೇ, ಡ್ರಿಪ್ ಜೋರು ಮಾಡಿ. ಪಶುವೈದ್ಯರಲ್ಲಿ ಹೆಚ್ಚಿನವರು ಪ್ರಶ್ನಿಸದೆ ಪಾಲಿಸಿಕೊಂಡು ಬಂದ ಪದ್ಧತಿ ಇದು. ಸರಾಸರಿ ಒತ್ತಡ 60ಕ್ಕಿಂತ ಕೆಳಗೆ ಉಳಿದರೆ ಮೂತ್ರಪಿಂಡಕ್ಕೆ ಕುತ್ತು ಎಂಬುದರಲ್ಲಿ ನನಗೆ ತಕರಾರಿಲ್ಲ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಬಾಟಲಿಗೆ ಸಿಕ್ಕಿರುವ ಮರ್ಯಾದೆ ಅತಿಯಾಯಿತು ಎಂಬುದಷ್ಟೇ ತಕರಾರು.

ಪಾರ್ವೊ ವೈರಸ್ ಸೋಂಕಿನಲ್ಲಿ ಬತ್ತಿಹೋದ ನಾಯಿಗೆ, ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ನಾಯಿಗೆ ದ್ರವ ಬೇಕೇ ಬೇಕು. ಆದರೆ ಸಂತಾನಹರಣಕ್ಕೆ ಬಂದ ಗಟ್ಟಿಮುಟ್ಟಾದ ಹೆಣ್ಣುನಾಯಿ ಕಳೆದುಕೊಂಡಿರುವುದೇನು? ಅರಿವಳಿಕೆಯ ಅನಿಲ ಐಸೊಫ್ಲುರೇನ್ ಅದರ ರಕ್ತನಾಳಗಳನ್ನು ಸಡಿಲಿಸಿದೆ, ಹೃದಯದ ಬಲ ಕುಗ್ಗಿಸಿದೆ. ಅನಿಲದ ಡಯಲ್ ಏರಿದಷ್ಟೂ ಎರಡೂ ಹೆಚ್ಚು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಂಥ ನಾಯಿಗಳಿಗೆ ಗಂಟೆಗೆ ಕೆಜಿಗೆ 80 ಮಿಲಿ ವೇಗದಲ್ಲಿ ಆರ್‌ಎಲ್ ಸುರಿದರೂ ಒತ್ತಡ ಮೊದಲಿನ ಮಟ್ಟಕ್ಕೆ ಬರಲಿಲ್ಲ. ರಕ್ತ ಮಾತ್ರ ತೆಳುವಾಯಿತು. ಹೆಟಾಸ್ಟಾರ್ಚ್ ಎಂಬ ಇನ್ನೊಂದು ದ್ರವ ಒತ್ತಡ ಏರಿಸಿತು, ನಿಜ. ಆದರೆ ಬಾಟಲಿಭಕ್ತರು ನೇತುಹಾಕುವುದು ಅದನ್ನಲ್ಲ.

ಡಯಲ್ಲನ್ನೇ ನೋಡಿ. ನಾಯಿಗೆ ಐಸೊಫ್ಲುರೇನ್‌ನ ಮ್ಯಾಕ್, ಅಂದರೆ ನೋವಾದರೂ ಅರ್ಧದಷ್ಟು ನಾಯಿಗಳು ಅಲುಗದಿರುವ ಪ್ರಮಾಣ, ಸುಮಾರು 1.3 ಶೇಕಡಾ. ನೋವಿನ ಔಷಧ ಜಿಪುಣತನದಿಂದ ಕೊಟ್ಟ ಕಡೆ ಡಯಲ್ 3ರಲ್ಲಿ ನಿಂತಿರುತ್ತದೆ, ಚಾಕು ತಾಗಿದರೆ ನಾಯಿ ಅಲುಗಾಡೀತು ಎಂಬ ಭಯಕ್ಕೆ. ಫೆಂಟಾನಿಲ್ ಹನಿಸುತ್ತಿದ್ದರೆ ಅನಿಲದ ಅಗತ್ಯ ಅರ್ಧದಷ್ಟಕ್ಕೆ ಇಳಿಯಬಹುದು. ಡಯಲ್ ತಗ್ಗಿಸಿ ಕೆಲವು ನಿಮಿಷ ಕಾಯುವ ಈ ಕೆಲಸಕ್ಕೆ ಖರ್ಚಿಲ್ಲ, ಹೀಗಾಗಿಯೇ ಏನೋ ಹೆಸರೂ ಇಲ್ಲ. ಅದಕ್ಕೂ ಮೊದಲು ಬಿಪಿ ಅಳೆಯುವ ಪಟ್ಟಿ ಸರಿಯಿದೆಯೇ ನೋಡಬೇಕು: ಅಗಲ ಕಾಲಿನ ಸುತ್ತಳತೆಯ 40 ಶೇಕಡಾದಷ್ಟಿರಬೇಕು. ಅಗಲ ಹೆಚ್ಚಾದರೆ ಇಲ್ಲದ ಕುಸಿತ ಕಾಣುತ್ತದೆ, ಕಡಿಮೆಯಾದರೆ ಇರುವ ಕುಸಿತ ಮರೆಯಾಗುತ್ತದೆ.

ಬಾಟಲಿಯನ್ನು ಬಯ್ಯುವುದರಲ್ಲಿ ನನಗೆ ಜೊತೆಗಾರರಿದ್ದಾರೆ, ಆದರೆ ಅವರ ಜೊತೆಗೂ ಜಗಳವಿದೆ. ಅವರಿಗೆ ಮಾನಿಟರಿನ ಅಂಕಿಯೇ ದೇವರು. ಡೊಬ್ಯುಟಮಿನ್ ರಕ್ತದ ಹರಿವು ಹೆಚ್ಚಿಸಿದರೂ ಅಂಕಿಯನ್ನು ಅಷ್ಟಾಗಿ ಎತ್ತುವುದಿಲ್ಲ; ಅದಕ್ಕೇ ಅದನ್ನು ‘ಕೈಲಾಗದ ಔಷಧ’ ಎಂದು ತಳ್ಳಿ ಡೋಪಮಿನ್‌ಗೆ ಜೈ ಅನ್ನುತ್ತಾರೆ. ಅದೇ ಜನ, ರಕ್ತನಾಳಗಳನ್ನು ಬಿಗಿಸುವ ಡೆಕ್ಸ್‌ಮೆಡೆಟೊಮಿಡಿನ್ ಪಡೆದ ನಾಯಿಯ ಸರಾಸರಿ ಒತ್ತಡ 100 ಕಂಡು ನಿಶ್ಚಿಂತರಾಗುತ್ತಾರೆ. ಬಿಗಿದ ನಾಳಗಳ ಹಿಂದೆ ಹೃದಯ ಎಂದಿನ ಅರ್ಧದಷ್ಟು ರಕ್ತ ಹೊರಹಾಕುತ್ತಿದ್ದರೂ ಅವರಿಗದು ಲೆಕ್ಕಕ್ಕಿಲ್ಲ. ಬಡಿತ 45ಕ್ಕೆ ಇಳಿದದ್ದು ಕಣ್ಣಿಗೆ ಬಿದ್ದಾಗ ಮಾತ್ರ ಗಾಬರಿಬಿದ್ದು ಅಟ್ರೊಪಿನ್ ಚುಚ್ಚಿ, ಅದೇ ಬಿಗಿದ ನಾಳಗಳಿಗೆ ಎದುರಾಗಿ ಹೃದಯವನ್ನು ಓಡಿಸುತ್ತಾರೆ.