ಛಲಕ್ಕೆ ‘ಅಡಮಂಟ್’ ಸಾಕೇ?

ರನ್ನನ ‘ಗದಾಯುದ್ಧ’ದ ಮೇಲೆ ನಾನು ಇಂಗ್ಲಿಷಿನಲ್ಲಿ ಬರೆಯುತ್ತಿರುವ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯದಲ್ಲಿ ದುರ್ಯೋಧನನನ್ನು ‘ಅಡಮಂಟ್’ ಎಂದು ಕರೆದಿದ್ದೆ. ಬರೆಯುವಾಗ ಏನೂ ಅನ್ನಿಸಲಿಲ್ಲ. ‘ಹುಡುಗ ತುಂಬಾ ಅಡಮಂಟು, ಹೇಳಿದ ಮಾತು ಕೇಳಲ್ಲ’ ಎಂದು ಮನೆಮನೆಯಲ್ಲೂ ಕೇಳಿಬರುವ ಪದ ತಾನೇ? ಕರಡನ್ನು ಮತ್ತೆ ಓದುವಾಗ ಮಾತ್ರ ಅದು ಅನ್ನದೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಕ್ಕಿತು.

ನಿಜಕ್ಕೂ ಅದು ಕಲ್ಲೇ. ಗ್ರೀಕಿನ ‘ಅದಮಾಸ್’ ಎಂದರೆ ಮಣಿಸಲಾಗದ್ದು. ಅತ್ಯಂತ ಗಟ್ಟಿಯಾದ ವಸ್ತುವಿಗೆ ಆ ಹೆಸರು ನಿಂತಿತು. ‘ಡೈಮಂಡ್’ ಕೂಡ ಅದೇ ಬೇರಿನದು. 1667ರಲ್ಲಿ ಪ್ರಕಟವಾದ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಸೈತಾನನನ್ನು ಬಿಗಿಯುವ ಸಂಕೋಲೆಯೂ ಅದರದೇ, ಅವನು ತೊಡುವ ಕವಚವೂ ಅದರದೇ. ಬಂಧನಕ್ಕೂ ಪ್ರತಿಭಟನೆಗೂ ಒಂದೇ ಪದ! ಆಮೇಲೆ ಅದು ಮನುಷ್ಯನ ಸ್ವಭಾವವನ್ನು ಹೇಳುವ ವಿಶೇಷಣವಾಯಿತು. ನಮ್ಮ ಬಾಯಲ್ಲಂತೂ ಬರೀ ದೂರಾಯಿತು.

ನನ್ನ ತಕರಾರು ಇಲ್ಲಿಯೇ. ಧೃತರಾಷ್ಟ್ರ, ಗಾಂಧಾರಿಯರು ಸಂಧಿ ಮಾಡಿಕೋ ಎಂದು ಬೇಡುತ್ತಾರೆ; ಭೀಷ್ಮನೂ ಅದನ್ನೇ ಹೇಳುತ್ತಾನೆ. ದುರ್ಯೋಧನ ಒಪ್ಪುವುದಿಲ್ಲ. ಇಷ್ಟನ್ನೇ ನೋಡಿದರೆ ‘ಅಡಮಂಟ್’ ಸರಿಯೇ. ಆದರೆ ರನ್ನ ಅವನನ್ನು ರಣರಂಗದಲ್ಲಿ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ, ಒಬ್ಬೊಬ್ಬರ ಹೆಣದ ಮುಂದೆಯೂ ಅವನು ಕುಸಿಯುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ಕೈಮುಗಿಯುವಷ್ಟು ಕರಗುತ್ತಾನೆ. ಕಲ್ಲು ಹೀಗೆ ಕರಗೀತೇ? ತಮ್ಮನನ್ನೂ ಗೆಳೆಯನನ್ನೂ ಕೊಂದವರ ಜೊತೆ ಸಂಧಿ ಹೇಗೆ ಎಂಬುದು ಅವನ ಪ್ರಶ್ನೆ. ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಎಂಬುದು ಅವನ ಉತ್ತರ. ಅವನ ಬಗ್ಗದಿರುವಿಕೆ ಹುಟ್ಟಿದ್ದು ದುಃಖದಿಂದ, ಸತ್ತವರ ಋಣದಿಂದ.

ಕನ್ನಡ ಇಲ್ಲೊಂದು ಸೂಕ್ಷ್ಮವನ್ನು ಕಾಪಾಡಿಕೊಂಡಿದೆ. ಹಟಮಾರಿ ಎಂದರೆ ಬೈಗುಳ, ಛಲಗಾರ ಎಂದರೆ ಮೆಚ್ಚುಗೆ. ನಡತೆ ಒಂದೇ ಇರಬಹುದು. ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಪದ ಬದಲಾಗುತ್ತದೆ. ಪಂಪನೂ ದುರ್ಯೋಧನನನ್ನು ನೆನೆದದ್ದು ಛಲಕ್ಕಾಗಿಯೇ. ‘ಅಡಮಂಟ್’ ಎಂದು ಬರೆದಾಗ ನಾನು ಅರಿವಿಲ್ಲದೆ ತೀರ್ಪು ಕೊಟ್ಟುಬಿಟ್ಟಿದ್ದೆ.

ಹಾಗಾದರೆ ‘ಛಲ’ವನ್ನು ಹಾಗೆಯೇ ಉಳಿಸಿಕೊಂಡರೆ ಮುಗಿಯಿತೇ? ಅದೂ ಸುಲಭವಲ್ಲ. ಸಂಸ್ಕೃತದಲ್ಲಿ, ಹಿಂದಿಯಲ್ಲಿ ಛಲವೆಂದರೆ ಮೋಸ. ಜೂಜಿನ ಕಥೆ ಗೊತ್ತಿರುವ ಹೊರಗಿನ ಓದುಗರು ದುರ್ಯೋಧನನ ಪಕ್ಕದಲ್ಲಿ ಆ ಪದ ಕಂಡರೆ ಏನೆಂದುಕೊಂಡಾರು? ಇನ್ನೊಂದು ಅಪಾಯ ನನ್ನೊಳಗೇ ಇದೆ. ಛಲ ಎಂಬ ಮಾತಿನ ಚೆಲುವಿಗೆ ಸೋತರೆ, ಅದಕ್ಕೆ ಬೆಲೆ ತೆತ್ತವರು ಮರೆತುಹೋಗುತ್ತಾರೆ. ರನ್ನ ಮರೆಯಲಿಲ್ಲ, ಅವನ ನಾಯಕ ಹೆಣಗಳ ನಡುವೆಯೇ ನಡೆಯಬೇಕು.

ಕೊನೆಗೆ ‘ಅಡಮಂಟ್’ ಹೊಡೆದುಹಾಕಿ ‘ಛಲ’ ಎಂದೇ ಬರೆದೆ. ಪಕ್ಕದಲ್ಲಿ ಅರ್ಥ ಕೊಡಲಿಲ್ಲ. ಅದರ ಬದಲು ಆ ರಣರಂಗದ ನಡಿಗೆಯನ್ನು ಎರಡು ಪುಟ ವಿವರಿಸಿದೆ. ಅಧ್ಯಾಯ ಉದ್ದವಾಯಿತು ಎಂದು ಮಾರ್ಗದರ್ಶಕರು ಗೊಣಗಿದರು. ಆ ಎರಡು ಪುಟ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಇದು ಹಟವೋ ಛಲವೋ, ಅವರೇ ಹೇಳಬೇಕು.